ಪಂಪ್‌ಹೌಸ್ ಹಿಂದಿನ ಒಂಟೆದಿಬ್ಬ

ನಾನು ಕಾರು ಓಡಿಸುವುದನ್ನು ಕಲಿಸುವವಳು. ಊರಿನ ಅರ್ಧ ಜನಕ್ಕೆ ಗೇರು ಹಾಕಲು ಹೇಳಿಕೊಟ್ಟವಳು ಇವಳೇ ಎಂದು ನಮ್ಮ ಡ್ರೈವಿಂಗ್ ಸ್ಕೂಲಿನ ಮಾಲೀಕರು ಬಂದವರೆದುರಿಗೆಲ್ಲ ಹೇಳುತ್ತಾರೆ. ಆ ಅರ್ಧ ಜನ ಹೇಗೆ ಓಡಿಸುತ್ತಾರೆಂದು ನೋಡಿದ ಮೇಲೆ ಇದು ಹೊಗಳಿಕೆಯೋ ದೂರೋ ಎಂದು ನನಗೇ ಅನುಮಾನ. ಕಲಿಯಲು ಬರುವವರು ಬೆನ್ನ ಹಿಂದೆ ನನ್ನನ್ನು ‘ಬ್ರೇಕ್ ಮೇಡಂ’ ಎನ್ನುತ್ತಾರೆ. ನಮ್ಮ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರಿಗೆ ಗಾಬರಿಯಾಗುವ ಮುಂಚೆಯೇ ನನಗೆ ಆಗಿರುತ್ತದೆ. ಕಾಲು ತಾನಾಗಿ ಒತ್ತಿರುತ್ತದೆ. ಈ ಚಟ ಎಷ್ಟು ಅಂಟಿಕೊಂಡಿದೆಯೆಂದರೆ ಬಸ್ಸಿನಲ್ಲಿ ಕೂತರೂ ಒತ್ತುತ್ತೇನೆ, ಸಿನಿಮಾದಲ್ಲಿ ನಾಯಕ ಜೀಪು ಓಡಿಸಿದರೂ ಒತ್ತುತ್ತೇನೆ. ಮಗ ತುಂಬಿದ ಹಾಲಿನ ಪಾತ್ರೆ ಎತ್ತಿಕೊಂಡು ಬಂದರೆ ಊಟದ ಮೇಜಿನ ಕೆಳಗೂ ಒತ್ತುತ್ತೇನೆ. ಒಮ್ಮೆ ಅಲ್ಲಿ ನನ್ನ ಗಂಡನ ಕಾಲಿತ್ತು.

ಅವರು ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವರು. ಮಾತು ಕಡಿಮೆ. ಮಕ್ಕಳಿಬ್ಬರು. ದೊಡ್ಡವಳನ್ನು ಮನೆಯಲ್ಲಿ ‘ವಕೀಲೆ’ ಎನ್ನುತ್ತೇವೆ, ಏಕೆಂದರೆ ನಾವು ಹೇಳಿದ ಯಾವ ಮಾತನ್ನೂ ಅವಳು ಮರೆಯುವುದಿಲ್ಲ. ನಾವು ಮರೆತಾಗ ಹೊರತೆಗೆಯುತ್ತಾಳೆ. ಚಿಕ್ಕವನು ‘ಬುಗುರಿ’. ಅದಕ್ಕೆ ವಿವರಣೆ ಬೇಕಾಗಿಲ್ಲ.

ನಾವಿರುವುದು ಮೂರನೇ ಮಹಡಿಯಲ್ಲಿ. ಕೆಳಗೆ ವಾಹನ ನಿಲ್ಲಿಸುವ ಜಾಗ, ಅಲ್ಲಿ ‘ಚೆಂಡಾಟ ನಿಷೇಧ’ ಎಂಬ ಬೋರ್ಡು. ರಜೆ ಬಂತೆಂದರೆ ವಕೀಲೆ ಫೋನಿನೊಳಗೆ ಇಳಿದುಬಿಡುತ್ತಾಳೆ, ಬುಗುರಿ ಸೋಫಾದ ಮೇಲೆ ತಲೆ ಕೆಳಗೆ ಮಾಡಿ ಕಾಲನ್ನು ಗೋಡೆಗೆ ಒರಗಿಸಿ ಮಲಗುತ್ತಾನೆ. ಗೋಡೆಯ ಮೇಲೆ ಅವನ ಹೆಜ್ಜೆಗಳ ಗುರುತುಗಳು ಮೇಲಕ್ಕೆ ಹೋಗಿವೆ. ಅದನ್ನು ನೋಡಿದಾಗಲೆಲ್ಲ ನನಗೆ ಭಾಷಣ ಉಕ್ಕಿ ಬರುತ್ತಿತ್ತು.

“ನಿಮ್ಮ ವಯಸ್ಸಲ್ಲಿ ನಾವು ಮನೆ ಒಳಗೆ ಇರ್ತಾನೇ ಇರ್ಲಿಲ್ಲ. ಒಂಟೆದಿಬ್ಬ ಅಂತ ಒಂದಿತ್ತು...”

ನನ್ನ ಅಪ್ಪ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದರು. ಪಕ್ಕದಲ್ಲೇ ನೌಕರರ ಕ್ವಾರ್ಟರ್ಸ್. ನಮ್ಮದು ಎರಡು ಕೋಣೆಯ ಮನೆ. ಹಗಲಿಡೀ ಪಂಪಿನ ಸದ್ದು. ಉಪ್ಪು ಕೊಡು ಎನ್ನಬೇಕಾದರೂ ಕೂಗಿಯೇ ಹೇಳಬೇಕಿತ್ತು. ಇವತ್ತಿಗೂ ನಾನು ಪಕ್ಕದಲ್ಲಿದ್ದವರನ್ನು ಆಚೆ ಬೀದಿಯಲ್ಲಿದ್ದವರಂತೆ ಮಾತಾಡಿಸುತ್ತೇನೆ ಎಂದು ನನ್ನ ಗಂಡನ ದೂರು. ಪಂಪ್‌ಹೌಸಿನ ಹಿಂದೆ, ನೀರಿನ ತೊಟ್ಟಿ ತೋಡಿದಾಗ ಎತ್ತಿ ಹಾಕಿದ ಮಣ್ಣು ದೊಡ್ಡ ದಿಬ್ಬವಾಗಿ ನಿಂತಿತ್ತು. ಎರಡು ಉಬ್ಬು, ಒಂದು ಕಡೆ ಉದ್ದಕ್ಕೆ ಕಡಿದಾಗಿ ಇಳಿಯುವ ಕತ್ತು. ಕ್ವಾರ್ಟರ್ಸಿನ ಮಕ್ಕಳಾದ ನಾವು ಅದನ್ನು ಒಂಟೆದಿಬ್ಬ ಎನ್ನುತ್ತಿದ್ದೆವು. ಬೆನ್ನಿನ ಕಡೆಯಿಂದ ಯಾರು ಬೇಕಾದರೂ ಇಳಿಯಬಹುದಿತ್ತು. ಕತ್ತಿನ ಕಡೆಯಿಂದ ಇಳಿಯುವುದಕ್ಕೆ ಗುಂಡಿಗೆ ಬೇಕು.

“ನಾನು ಇಳೀತಿದ್ದೆ,” ಎನ್ನುತ್ತಿದ್ದೆ ಮಕ್ಕಳಿಗೆ. “ತಗಡಿನ ಮೇಲೆ ಕೂತು, ಕಣ್ಣು ಮುಚ್ಕೊಂಡು, ಸುಂಯ್ ಅಂತ!”

ಹೇಳಿದಾಗಲೆಲ್ಲ ಅದಕ್ಕೊಂದಿಷ್ಟು ಒಗ್ಗರಣೆ ಬೀಳುತ್ತಿತ್ತು. ಬುಗುರಿ ತೊಟ್ಟಿಲಲ್ಲಿದ್ದಾಗ ಒಂದು ಮಹಡಿಯಷ್ಟಿದ್ದ ದಿಬ್ಬ ಅವನು ಶಾಲೆ ಸೇರುವ ಹೊತ್ತಿಗೆ ಮೂರು ಮಹಡಿಯ ನಮ್ಮ ಕಟ್ಟಡದಷ್ಟಾಗಿತ್ತು. ವಕೀಲೆ ಫೋನಿನಿಂದ ಕಣ್ಣೆತ್ತದೆ ಕೇಳುತ್ತಿದ್ದಳು:

“ಹೋದ ಸಲ ರಟ್ಟು ಅಂದಿದ್ದೆ.”

“ಎರಡೂ ಇತ್ತು.”

“ಒಟ್ಟಿಗೇನಾ?”

ಒಂದು ಭಾನುವಾರ ಬೆಳಿಗ್ಗೆ ನಾನು ಹೀಗೆ ಮಾತಿನಲ್ಲೇ ದಿಬ್ಬ ಹತ್ತುತ್ತಿದ್ದಾಗ ನನ್ನ ಗಂಡ ಪೇಪರ್ ಮಡಿಸಿ ಕೆಳಗಿಟ್ಟರು. “ಒಂದ್ಸಲ ತೋರಿಸ್ಬಿಡು. ನಾನೂ ಮದುವೆ ಆದಾಗಿಂದ ಕೇಳ್ತಾನೇ ಇದ್ದೀನಿ.” ಬುಗುರಿ ಸೋಫಾದಿಂದ ನೆಲಕ್ಕೆ ಬಿದ್ದು, ಎದ್ದು, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತುಬಿಟ್ಟ. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಸ್ಕೂಲಿನ ಕಾರಿನಲ್ಲೇ ಹೊರಟೆವು. ಊರಿನ ಗಲ್ಲಿಗಲ್ಲಿ ನನಗೆ ಗೊತ್ತು, ಯಾವ ತಿರುವಿನಲ್ಲಿ ಯಾರ ಕೈ ನಡುಗುತ್ತದೆ ಎನ್ನುವುದೂ ಗೊತ್ತು. ಆದರೆ ಪಂಪ್‌ಹೌಸ್ ಮಾತ್ರ ಸಿಗಲಿಲ್ಲ. ಮೈದಾನವಿದ್ದಲ್ಲಿ ಅಂಗಡಿ ಸಾಲು, ಅಂಗಡಿ ಇದ್ದಲ್ಲಿ ಇನ್ನೂ ದೊಡ್ಡ ಅಂಗಡಿ. ಒಂದು ಟೈರ್ ಅಂಗಡಿಯ ಮುಂದೆ ಮತ್ತೆ ಮತ್ತೆ ಹಾದುಹೋದೆವು. ಮೊದಲ ಸಲ ಟೈರಿನವನು ನಮ್ಮನ್ನು ನೋಡಿದ. ಎರಡನೇ ಸಲ ನಕ್ಕ. ಮತ್ತೆ ಬಂದಾಗ ರಸ್ತೆಗೇ ಇಳಿದು ಕೈ ತೋರಿಸಿದ.

“ಏನ್ ಮೇಡಂ, ಪಂಕ್ಚರಾ?”

“ಅಲ್ಲ. ಹಳೇ ಪಂಪ್‌ಹೌಸ್ ಎಲ್ಲಿ ಬರುತ್ತೆ?”

ಅವನು ಕಾರಿನ ಮೇಲಿದ್ದ ಡ್ರೈವಿಂಗ್ ಸ್ಕೂಲ್ ಬೋರ್ಡನ್ನು ಓದಿದ, ನನ್ನ ಮುಖ ನೋಡಿದ, ಆಮೇಲೆ ಹೆಬ್ಬೆರಳನ್ನು ತನ್ನ ಬೆನ್ನ ಹಿಂದಕ್ಕೆ ತೋರಿಸಿದ. ಅದು ಅವನ ಅಂಗಡಿಯ ಹಿಂದೆಯೇ ಇತ್ತು. ಇಷ್ಟು ಹೊತ್ತೂ ನಾನು ಅದರ ಸುತ್ತಲೇ ಸುತ್ತುತ್ತಿದ್ದೆ. ಹಿಂದಿನ ಸೀಟಿನಲ್ಲಿ ಯಾರೂ ಏನೂ ಹೇಳಲಿಲ್ಲ. ನನ್ನ ಮನೆಯಲ್ಲಿ ಮೌನಕ್ಕಿಂತ ದೊಡ್ಡ ಗೇಲಿ ಇಲ್ಲ.

ಪಂಪು ನಿಂತು ಎಷ್ಟೋ ಕಾಲವಾಗಿತ್ತು. ಗೇಟಿನಲ್ಲಿ ವಾಚ್‌ಮನ್ ಒಬ್ಬರು ಸೈಕಲ್ ಒರೆಸುತ್ತಿದ್ದರು. ನಾನು ಇಲ್ಲಿನ ಆಪರೇಟರ್ ಮಗಳು, ಮಕ್ಕಳಿಗೆ ಜಾಗ ತೋರಿಸಬೇಕಿತ್ತು ಎಂದೆ. “ಹೋಗಿ ನೋಡ್ಕೊಂಡ್ ಬನ್ನಿ ಮೇಡಂ. ತೊಟ್ಟಿಗೆ ಬೇಲಿ ಹಾಕಿದ್ದಾರೆ, ಅದನ್ನ ಮಾತ್ರ ದಾಟ್ಬೇಡಿ,” ಎಂದರು.

ನಾವಿದ್ದ ಮನೆಯ ಕಿಟಕಿಯಲ್ಲಿ ಇಣುಕಿದೆ. ಒಳಗೆ ತುಕ್ಕು ಹಿಡಿದ ವಾಲ್ವುಗಳು, ಪೈಪಿನ ತುಂಡುಗಳು. ಅಮ್ಮ ಪಾತ್ರೆ ಜೋಡಿಸುತ್ತಿದ್ದ ಕಲ್ಲಿನ ಹಲಗೆ ಮಾತ್ರ ಹಾಗೇ ಇತ್ತು, ಅಪ್ಪ ಬಳಿದ ಹಸಿರು ಬಣ್ಣದ ಸಮೇತ. ಪಂಪಿಗೆ ಬಳಿದು ಉಳಿದ ಬಣ್ಣ ಅದು. ನಮ್ಮ ಮನೆಯಲ್ಲಿ ಬಾಗಿಲು, ಸ್ಟೂಲು, ಕೊಡೆಯ ಹಿಡಿ ಎಲ್ಲವೂ ಅದೇ ಹಸಿರು. ಇದನ್ನು ಹೇಳಬೇಕೆಂದು ತಿರುಗಿದರೆ ಬುಗುರಿ ನನ್ನ ದುಪಟ್ಟಾ ಜಗ್ಗುತ್ತಿದ್ದ. “ಒಂಟೆ ಎಲ್ಲಿ?”

ಹಿಂದಕ್ಕೆ ಕರೆದುಕೊಂಡು ಹೋದೆ. ಹುಲ್ಲು ಬೆಳೆದಿತ್ತು, ಅಲ್ಲಲ್ಲಿ ಕುರುಚಲು ಗಿಡ. ಎರಡು ಉಬ್ಬು ಇದ್ದವು, ಕತ್ತೂ ಇತ್ತು.

“ಇನ್ನೂ ಮುಂದೆ ಹೋಗ್ಬೇಕಾ?” ವಕೀಲೆ ಕೇಳಿದಳು.

“ಇದೇ.”

“ಇದು ದಿಬ್ಬಕ್ಕೆ ಹೋಗೋ ದಾರೀಲಿರೋ ದಿಬ್ಬ ಅಲ್ವಾ?”

“ಇದೇ ಕಣೇ. ಮಳೆಗೆ ಮಣ್ಣು ಕೊಚ್ಕೊಂಡ್ ಹೋಗಿದೆ.”

ನನ್ನ ಗಂಡ ದಿಬ್ಬವನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ದೂರದಲ್ಲಿದ್ದ ‘ವಿದ್ಯುತ್ ಅಪಾಯ’ ಎಂಬ ಬೋರ್ಡನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಅವರ ಭುಜ ಅಲುಗುತ್ತಿತ್ತು.

ಬುಗುರಿಗೆ ಮಾತ್ರ ಇದ್ಯಾವುದೂ ಬೇಕಿರಲಿಲ್ಲ. ದಿಬ್ಬ ಕಂಡದ್ದೇ ಹತ್ತತೊಡಗಿದ. ಆಗ ನನ್ನ ಬಾಯಿ ಶುರುವಾಯಿತು.

“ನಿಧಾನ! ಕಲ್ಲಿದೆ ನೋಡ್ಕೋ! ಆ ಗಿಡ ಮುಟ್ಬೇಡ, ತುರಿಕೆ ಬರುತ್ತೆ! ಓಡ್ಬೇಡ! ಅಲ್ಲೇ ನಿಲ್ಲು, ನಾನು ಬರ್ತೀನಿ! ಕೂತ್ಕೊಂಡು ಇಳಿ! ಕೂತ್ಕೋಬೇಡ, ಪ್ಯಾಂಟ್ ಹರಿಯುತ್ತೆ!”

ಬಲಗಾಲು ನೆಲ ಒತ್ತಿ ಒತ್ತಿ ಅಲ್ಲೊಂದು ಸಣ್ಣ ಗುಂಡಿ ಬಿದ್ದಿತ್ತು. ವಕೀಲೆ ಅದನ್ನು ನೋಡಿದಳು. ಫೋನನ್ನು ಅಪ್ಪನ ಜೇಬಿಗೆ ಹಾಕಿ, ನನ್ನೆದುರು ಬಂದು ನಿಂತಳು.

“ಅಮ್ಮಾ, ನೀವೆಲ್ಲ ಇಲ್ಲಿ ಆಡ್ತಿದ್ದಾಗ ಅಜ್ಜಿ ಬಂದು ನಿಂತ್ಕೊಳ್ತಿದ್ರಾ?”

“ಅಜ್ಜಿಗೆಲ್ಲೇ ಪುರುಸೊತ್ತು? ನಾವು ಮಧ್ಯಾಹ್ನ ಹೋದ್ರೆ ಸಂಜೆ ದೀಪ ಹಚ್ಚಿದ ಮೇಲೇನೇ ಮನೆ.”

“ಹಾಗಾದ್ರೆ ನೀನು ಕಾರಲ್ಲಿ ಕೂತಿರು.”

ಹೋಗಿ ಕಾರಿನಲ್ಲಿ ಕೂತೆ. ಅಲ್ಲಿಂದ ಅವರ ದನಿ ಕೇಳುತ್ತಿತ್ತು, ಆಕೃತಿ ಕಾಣುತ್ತಿರಲಿಲ್ಲ. ಬುಗುರಿ ಕೂಗಿದ. ಅದು ಖುಷಿಯ ಕೂಗೋ ಮೂಳೆ ಮುರಿದ ಕೂಗೋ? ಹೆತ್ತವಳಿಗೆ ಗೊತ್ತಾಗುತ್ತದೆ ಎನ್ನುತ್ತಾರೆ, ನನಗಂತೂ ಗೊತ್ತಾಗಲಿಲ್ಲ. ಬಾಗಿಲು ಸದ್ದಾಗದಂತೆ ತೆರೆದು, ಬಗ್ಗಿಕೊಂಡು ಹೋಗಿ ಒಂದು ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಅಕ್ಕ ತಮ್ಮ ಇಬ್ಬರೂ ಬೆನ್ನಿನ ಕಡೆಯಿಂದ ಉರುಳುತ್ತಿದ್ದರು. ಮೈಯೆಲ್ಲ ಹುಲ್ಲು. ವಕೀಲೆ ನಗುತ್ತಿದ್ದಳು, ಹಲ್ಲು ಕಾಣುವಂತೆ. ಆ ಹಲ್ಲು ನಾನು ನೋಡಿ ಎಷ್ಟು ದಿನವಾಗಿತ್ತೋ.

“ಏನಾದ್ರೂ ಬಿದ್ದೋಯ್ತಾ ಮೇಡಂ?”

ಹಿಂದೆ ವಾಚ್‌ಮನ್ ನಿಂತಿದ್ದರು. ಮಕ್ಕಳ ಮೇಲೆ ಪತ್ತೇದಾರಿ ಮಾಡುತ್ತಿದ್ದೇನೆ ಎಂದು ಹೇಳಲು ನಾಲಿಗೆ ಏಳಲಿಲ್ಲ. “ಓಲೆ,” ಎಂದುಬಿಟ್ಟೆ.

“ಅಯ್ಯೋ, ಚಿನ್ನದ್ದಾ?” ಆ ಪುಣ್ಯಾತ್ಮರು ಮಂಡಿಯೂರಿ ಹುಡುಕತೊಡಗಿದರು. ಹುಲ್ಲನ್ನು ಬಾಚಿ ಬಾಚಿ ನೋಡಿದರು, ಕಲ್ಲುಗಳನ್ನು ಎತ್ತಿ ನೋಡಿದರು. ನಾನೂ ಹುಡುಕಿದೆ, ಬೇರೆ ದಾರಿ ಇರಲಿಲ್ಲ. ನನ್ನ ಗಂಡ ಬಂದು, ಏನು ಎತ್ತ ಎಂದು ಕೇಳಿ, ತಾವೂ ಮಂಡಿಯೂರಿದರು. ಅವರಂತೂ ಎಲ್ಲರಿಗಿಂತ ಶ್ರದ್ಧೆಯಿಂದ ಹುಡುಕಿದರು. ಕೊನೆಗೆ ಬೆವರು ಒರೆಸಿಕೊಳ್ಳಲು ತಲೆಯೆತ್ತಿದ ವಾಚ್‌ಮನ್ ನನ್ನ ಮುಖವನ್ನೇ ಆ ಕಡೆ ಈ ಕಡೆ ದಿಟ್ಟಿಸಿದರು.

“ಮೇಡಂ, ಎರಡೂ ಕಿವೀಲೇ ಇದೆಯಲ್ಲ?”

“ಹೌದಾ? ಸದ್ಯ!” ಎಂದೆ.

ಮನೆಗೆ ಬಂದ ಮೇಲೂ ನನ್ನ ಗಂಡ ಸ್ನಾನದ ಕೋಣೆಯಲ್ಲಿ ಒಬ್ಬರೇ ನಗುವುದು ಕೇಳಿಸುತ್ತಿತ್ತು.

ಆದರೆ ಮಕ್ಕಳಿಗೆ ದಿಬ್ಬದ ರುಚಿ ಹತ್ತಿತ್ತು. ಮುಂದಿನ ಭಾನುವಾರ ದೊಡ್ಡಮ್ಮನನ್ನೂ ಕರೆಯಬೇಕು ಎಂದರು. ದೊಡ್ಡಮ್ಮನೆಂದರೆ ನನ್ನ ಅಕ್ಕ; ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಹಗಲಿಡೀ ಜನರ ಮೂಳೆ ನೋಡಿ ನೋಡಿ ಅವಳಿಗೆ ಮೇಲಿನ ಅಲಂಕಾರದ ಬಗ್ಗೆ ಗೌರವವಿಲ್ಲ. ಯಾರು ಏನೇ ಹೇಳಿದರೂ “ಉಸಿರು ಹಿಡ್ಕೊಳಿ” ಎನ್ನುವ ಮುಖದಲ್ಲಿ ಕೇಳುತ್ತಾಳೆ.

ದಿಬ್ಬ ಕಂಡದ್ದೇ ಅಕ್ಕನ ಮುಖ ಬದಲಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿನೋವಿನ ಹೆಂಗಸು, ಸರಸರನೆ ತುದಿಗೆ ಹತ್ತಿಬಿಟ್ಟಳು. ಮೇಲಿಂದ ಕೂಗಿದಳು: “ಏನೂ ಬದಲಾಗಿಲ್ಲ ಕಣೇ! ಅದೇ ಕತ್ತು!”

ಬುಗುರಿ ಅವಳ ಹಿಂದೆಯೇ ಹತ್ತಿದ್ದ. “ದೊಡ್ಡಮ್ಮಾ, ಅಮ್ಮ ಇಲ್ಲಿಂದ ತಗಡಿನ ಮೇಲೆ ಇಳೀತಿದ್ಳಂತೆ. ನೀನೂ ನೋಡಿದ್ಯಾ?”

“ಯಾರು? ಇವಳಾ?” ಅಕ್ಕ ನನ್ನ ಕಡೆ ನೋಡಿದಳು. ನಾನು ಕೆಳಗಿನಿಂದ ಕಣ್ಸನ್ನೆ ಮಾಡಿದೆ. ಆದರೆ ಅವಳಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ. “ಇಳೀತಿದ್ದೋಳು ನಾನು. ಇವಳು ಕೆಳಗೆ ನಿಂತು ಚಪ್ಪಲಿ ಕಾಯ್ತಿದ್ಳು.”

“ಏನ್ ಕಾಯ್ತಿದ್ಳು?”

“ಚಪ್ಪಲಿ. ಎಲ್ಲರೂ ಬಿಚ್ಚಿಟ್ಟು ಹತ್ತೋರು. ಇವಳು ಸಾಲಾಗಿ ಜೋಡಿಸ್ಕೊಂಡು ಪಕ್ಕದಲ್ಲಿ ನಿಂತಿರೋಳು. ಒಂದು ಸಲ ಬಾರೇ ಅಂತ ಎಷ್ಟು ಕರೆದ್ರೂ ಬರ್ಲಿಲ್ಲ.”

ನಾನು ಬಾಯಿ ತೆರೆದೆ. ಸುಳ್ಳು ಎನ್ನಬೇಕೆಂದಿದ್ದೆ, ಆದರೆ ಆ ಚಪ್ಪಲಿಗಳು ಕಣ್ಣ ಮುಂದೆ ಬಂದುಬಿಟ್ಟವು: ಒಂದರ ಬಾರು ಪಿನ್ನಿನಿಂದ ಸಿಕ್ಕಿಸಿದ್ದು, ಇನ್ನೊಂದರ ಹಿಮ್ಮಡಿ ಸವೆದದ್ದು. ದೇವರಾಣೆಗೂ ನಾನು ಮಕ್ಕಳಿಗೆ ಬೇಕೆಂದು ಸುಳ್ಳು ಹೇಳಿರಲಿಲ್ಲ. ನನ್ನ ಮುಖಕ್ಕೆ ಬಡಿದ ಗಾಳಿ, ತಗಡು ಕಲ್ಲಿಗೆ ತಾಗಿದ ಸದ್ದು, ಎಲ್ಲವೂ ನನಗೆ ನೆನಪಿತ್ತು. ಯಾವುದೋ ಹೊತ್ತಿನಲ್ಲಿ ಅಕ್ಕನ ಬಾಲ್ಯದ ಒಂದು ತುಂಡನ್ನು ನನ್ನದೇ ಎಂದು ಎತ್ತಿಟ್ಟುಕೊಂಡು, ನಲವತ್ತು ದಾಟಿದ ಮೇಲೂ ಹೊಳಪು ಹಾಕುತ್ತಾ ಕೂತಿದ್ದೆ.

“ಕಣ್ಣು ಮುಚ್ಕೊಂಡಿದ್ದೆ, ಅದಂತೂ ನಿಜ,” ಎಂದೆ, ದನಿ ಸಣ್ಣ ಮಾಡಿ. ನಮ್ಮ ಮನೆತನಕ್ಕೆ ಅದು ಸಣ್ಣ ದನಿ.

“ಹೂಂ, ಅದು ನಿಜ,” ಎಂದಳು ಅಕ್ಕ. “ಕೆಳಗೆ ನಿಂತು ಗಟ್ಟಿಯಾಗಿ ಮುಚ್ಕೊಂಡಿರ್ತಿದ್ಳು. ನಾನು ಇಳಿದ ಮೇಲೆ, ‘ಬಂದ್ಯಾ ಅಕ್ಕಾ? ಇದ್ದೀಯಾ?’ ಅಂತ ಕೇಳ್ತಿದ್ಳು. ‘ಇದ್ದೀನಿ’ ಅಂದ ಮೇಲೇನೇ ಕಣ್ಣು ಬಿಡೋಳು.”

ವಕೀಲೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಜನ್ಮದಲ್ಲಿ ಸಿಗುವುದಿಲ್ಲ. ಅವಳು ನನ್ನನ್ನು ಹುರಿದು ಮುಕ್ಕುತ್ತಾಳೆ ಎಂದು ಕಾದೆ. ಆದರೆ ಅವಳು ತನ್ನ ತಮ್ಮನ ಕಡೆ ಒಮ್ಮೆ ನೋಡಿ, ಕಾಲಿನಿಂದ ಮಣ್ಣು ಕೆದಕಿದಳು. ಬುಗುರಿಯೇ ಯೋಚಿಸಿ ಕೇಳಿದ:

“ದೊಡ್ಡಮ್ಮಾ, ಯಾರದ್ದಾದ್ರೂ ಚಪ್ಪಲಿ ಕಳೀತಾ?”

“ಒಂದೂ ಇಲ್ಲ.”

“ಮತ್ತೆ? ಚೆನ್ನಾಗೇ ಕಾದಿದ್ದಾಳೆ,” ಎಂದ ನನ್ನ ಮಗ, ನನಗೆ ಕೆಲಸದ ಪ್ರಮಾಣಪತ್ರ ಕೊಡುವವನಂತೆ.

ಅದು ನನ್ನನ್ನು ಕೆಣಕಿತು. ಗೇಲಿಯನ್ನು ನಾನು ತಡೆದುಕೊಳ್ಳಬಲ್ಲೆ. ನನ್ನ ಮಗ ನನ್ನ ಮೇಲೆ ಕನಿಕರ ಪಡುವುದನ್ನು ತಡೆದುಕೊಳ್ಳಲಾರೆ. “ರಟ್ಟು ಕೊಡಿ ಇಲ್ಲಿ,” ಎಂದೆ. ನನ್ನ ಗಂಡ ಪ್ರೆಸ್ಸಿನಿಂದ ದಪ್ಪನೆಯ ಬೈಂಡಿಂಗ್ ರಟ್ಟು ತಂದಿದ್ದರು. ಅದನ್ನು ಕಂಕುಳಲ್ಲಿ ಹಿಡಿದು ಹತ್ತಿದೆ. ಉಸಿರು ಕಟ್ಟಿತು, ಒಂದು ಕಡೆ ಕೈಯೂರಿದೆ, ಇನ್ನೊಂದು ಕಡೆ ಕೈಯನ್ನೂ ಮಂಡಿಯನ್ನೂ ಊರಿದೆ. ತುದಿಗೆ ಹೋಗಿ ಕೆಳಗೆ ನೋಡಿದೆ.

ಕೆಳಗಿನಿಂದ ನೋಡಿದಾಗ ನಗೆಪಾಟಲಾಗಿದ್ದ ಆ ದಿಬ್ಬ ಮೇಲಿನಿಂದ ನೋಡಿದರೆ ಬೇರೆಯೇ ಆಗಿತ್ತು. ನೆಲ ಎಲ್ಲೋ ಆಳದಲ್ಲಿತ್ತು. ನನ್ನ ಗಂಡ ಹೆಬ್ಬೆರಳುದ್ದ ಕಾಣುತ್ತಿದ್ದರು. ಮೂರು ಮಹಡಿ ಎಂದು ನಾನು ಹೇಳಿದ್ದು ಉತ್ಪ್ರೇಕ್ಷೆಯೇನಲ್ಲ ಎಂದು ಕೂಗಿ ಹೇಳಬೇಕೆನಿಸಿತು.

“ಕೂತ್ಕೋ ಅಮ್ಮಾ,” ಎಂದ ಬುಗುರಿ, ನನ್ನ ಹೆಗಲ ಮೇಲೆ ಕೈಯಿಟ್ಟು. “ಮುಂದೆ ನೋಡು. ಕೈ ಗಟ್ಟಿ ಹಿಡಿ. ಗಾಬರಿ ಆಗ್ಬೇಡ, ನಾನು ಪಕ್ಕದಲ್ಲೇ ಇದ್ದೀನಿ.” ಇದು ದಿನಾ ನಾನು ಕಲಿಯುವವರಿಗೆ ಹೇಳುವ ಮಾತು. ಇದರಿಂದ ಗಾಬರಿ ಒಂದು ಚೂರೂ ಕಡಿಮೆಯಾಗುವುದಿಲ್ಲ ಎಂದು ನನಗೆ ಅವತ್ತು ತಿಳಿಯಿತು.

ಅಕ್ಕ ಹಿಂದಿನಿಂದ ಮೆಲ್ಲಗೆ ನೂಕಿದಳು. ರಟ್ಟು ಜಾರಿತು. ಗಾಳಿ ಮುಖಕ್ಕೆ ಹೊಡೆಯಿತು, ನಾನು ನೆನಪಿಟ್ಟುಕೊಂಡಿದ್ದ ಗಾಳಿಯಂತೆ ಅಲ್ಲ, ಧೂಳು ಸಮೇತ. ಅರ್ಧ ದಾರಿಯಲ್ಲಿ ನನ್ನ ಬಲಗಾಲು ತನ್ನ ಧರ್ಮ ಬಿಡಲಿಲ್ಲ, ಬ್ರೇಕ್ ಒತ್ತಿತು. ಹಿಮ್ಮಡಿ ಮಣ್ಣಿಗೆ ಹೂತು, ನಾನು ಗಿರಕಿ ಹೊಡೆದು, ರಟ್ಟು ಮುಂದೆ ಹೋಯಿತು, ನಾನು ಹಿಂದುಮುಂದಾಗಿ ಅದರ ಹಿಂದೆ ಹೋದೆ. ಪಂಪ್‌ಹೌಸಿನ ಕಾಲದ ದನಿ ಗಂಟಲಿನಿಂದ ಹೊರಟಿತು. ಟೈರ್ ಅಂಗಡಿಯವನು ಕಾಂಪೌಂಡಿನ ಮೇಲಿಂದ ತಲೆ ಹಾಕಿ ನೋಡಿದನಂತೆ. ವಾಚ್‌ಮನ್ ಓಡಿ ಬಂದರು.

“ಮತ್ತೆ ಓಲೆ ಬಿತ್ತಾ ಮೇಡಂ?”

ನೆಲದ ಮೇಲೆ ಕೂತಲ್ಲೇ ನಗು ಬಂತು. ನಿಲ್ಲಿಸಲಾಗಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ಮಣ್ಣು. ಮಕ್ಕಳಿಬ್ಬರೂ ಬೆನ್ನಿನ ಕಡೆಯಿಂದ ಉರುಳಿಕೊಂಡು ಬಂದು ನನ್ನ ಮೇಲೆ ಬಿದ್ದರು. ಅಕ್ಕ ಬಂದು ನನ್ನ ಬೆನ್ನಹುರಿಯನ್ನು ಮೇಲಿನಿಂದ ಕೆಳಗೆ ಒತ್ತಿ ನೋಡಿ, “ನಾಳೆ ಆಸ್ಪತ್ರೆಗೆ ಬಾ, ಒಂದು ಫೋಟೋ ತೆಗೆಯೋಣ,” ಎಂದಳು.

ಮೂಳೆ ಮುರಿದಿರಲಿಲ್ಲ, ಬಾಲದ ಮೂಳೆಗೆ ಪೆಟ್ಟಾಗಿತ್ತು. ಕೆಲವು ದಿನ ದಿಂಬಿನ ಮೇಲೆ ಕೂತು ಕಲಿಸಿದೆ. ಕಾಲು ಒತ್ತಿದರೆ ನೋವು ಜೀವ ಹಿಂಡುತ್ತಿತ್ತು, ಹಾಗಾಗಿ ಒತ್ತುವುದು ನಿಂತಿತು. ಆ ವಾರ, ಟೆಸ್ಟಿನಲ್ಲಿ ಮೇಲಿಂದ ಮೇಲೆ ಫೇಲಾಗಿದ್ದ ಟೈಲರ್ ಹೆಂಗಸೊಬ್ಬರು ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಕಾರನ್ನು ತಾವೇ ಹಿಂದಕ್ಕೆ ತೆಗೆದು, ತಿರುಗಿಸಿ, ಹೊರಗೆ ತಂದರು. ಅವರ ಕಣ್ಣು ತುಂಬಿತ್ತು.

“ಮೇಡಂ, ನೀವು ಒಂದ್ಸಲಾನೂ ಬ್ರೇಕ್ ಒತ್ಲಿಲ್ಲ! ನನ್ನ ಮೇಲೆ ಅಷ್ಟು ನಂಬಿಕೆ ಬಂತಾ?”

“ಮತ್ತೆ?” ಎಂದೆ, ದಿಂಬಿನ ಮೇಲೆ ಗಂಭೀರವಾಗಿ.

ನೋವು ಹೋದ ಮೇಲೆ ಕಾಲು ತನ್ನ ಹಳೆಯ ಕೆಲಸಕ್ಕೆ ಮರಳಿತು. ಆದರೆ ಈಗ ಕೆಲವು ಸಲ ಒತ್ತುವ ಮುಂಚೆ ಒಂದು ಕ್ಷಣ ತಡೆಯುತ್ತದೆ. ಮಾಲೀಕರು ಇದನ್ನು ನನ್ನ ಅನುಭವ ಎಂದು ಬಂದವರಿಗೆ ಹೇಳುತ್ತಿದ್ದಾರೆ.

ದಿಬ್ಬಕ್ಕೆ ಈಗ ನಮ್ಮ ಕಟ್ಟಡದ ಮಕ್ಕಳೂ ಬರುತ್ತಾರೆ. ವಾಚ್‌ಮನ್ ಕತ್ತಿನ ಕಡೆಯ ಕಲ್ಲುಗಳನ್ನೆಲ್ಲ ಆರಿಸಿ ಹಾಕಿದ್ದಾರೆ. ತೊಟ್ಟಿಯ ಬೇಲಿಯ ಹತ್ತಿರ ತಾವೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸಾಲು ಉದ್ದವಾಗುತ್ತದೆ, ವಕೀಲೆ ಅದರ ಉಸ್ತುವಾರಿ. ದೊಡ್ಡವರು ಚಿಕ್ಕವರು ಎಂಬ ಭೇದ ಅಲ್ಲಿ ನಡೆಯುವುದಿಲ್ಲ. ನಾನು ನೆರೆಮನೆಯ ಪುಟ್ಟಿಯ ಹಿಂದೆ ನಿಲ್ಲುತ್ತೇನೆ, ಅವಳು ಹತ್ತುವಾಗ ನಾನು ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಷರತ್ತು. ಅಕ್ಕ ಮಾತ್ರ ಡ್ಯೂಟಿಗೆ ಹೊತ್ತಾಯಿತು ಎಂದು ನೆವ ಹೇಳಿ ಸಾಲಿನ ಮಧ್ಯೆ ನುಗ್ಗುತ್ತಾಳೆ. ಹೋದ ಭಾನುವಾರ ಮಗಳಿಗೆ ದೂರು ಕೊಟ್ಟೆ.

“ಅವಳಿಗೆ ಇವತ್ತು ಡ್ಯೂಟೀನೇ ಇಲ್ಲ ಕಣೇ, ಕೇಳು ಬೇಕಾದ್ರೆ!”

“ವಿಚಾರಿಸ್ತೀನಿ,” ಎಂದಳು ವಕೀಲೆ. “ನೀನು ಮೊದ್ಲು ಸಾಲು ಬಿಟ್ಟು ಬರ್ಬೇಡ.”

ನಾನು ಹೋಗಿ ನೋಡುವಷ್ಟರಲ್ಲಿ ನನ್ನ ಜಾಗದಲ್ಲಿ ನನ್ನ ಗಂಡ ನಿಂತಿದ್ದರು, ಕಂಕುಳಲ್ಲಿ ಹೊಚ್ಚ ಹೊಸ ರಟ್ಟು.